ಕಾನೂನಿಗೆ ಮುನ್ನಿನ ಓದು

ವಕೀಲಿ ವೃತ್ತಿಯನ್ನು ಬಯಸುವ ವಿದ್ಯಾರ್ಥಿ ಪದವಿಯಲ್ಲಿ ಯಾವ ವಿಷಯಗಳನ್ನು ಆರಿಸಿಕೊಳ್ಳಬೇಕೆಂದು ತಂದೆತಾಯಿಗಳು ನನ್ನನ್ನು ಕೇಳುವುದುಂಟು. ನಿಯಮ ಯಾವುದನ್ನೂ ಗೊತ್ತುಪಡಿಸಿಲ್ಲ. ನಿಗದಿತ ಅಂಕಗಳಿದ್ದರೆ ಮೂರು ವರ್ಷದ ಎಲ್‌ಎಲ್‌.ಬಿ.ಗೆ ಯಾವ ಪದವಿಯಾದರೂ ಸಲ್ಲುತ್ತದೆ. ಪಿ.ಯು.ಸಿ. ಮುಗಿಸಿ ಐದು ವರ್ಷದ ಬಿ.ಎ., ಎಲ್‌ಎಲ್‌.ಬಿ.ಗೆ ಸೇರಿದವರು ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಮೊದಲಾದವನ್ನು ಕಾನೂನಿನ ಜೊತೆಯಲ್ಲಿಯೇ ಓದುತ್ತಾರೆ. ಇವೆಲ್ಲ ಬೇಕಾದವುಗಳೇ. ಆದರೆ ತೇರ್ಗಡೆಗೆ ಸಾಲುವಷ್ಟು ಓದಿ ಬದಿಗಿಡುವ ಭಾಷಾಪತ್ರಿಕೆಯನ್ನು ಕುರಿತು ನಾನು ಹೇಳಬೇಕಾದ ಮಾತಿದೆ. ಕನ್ನಡ ಮೇಷ್ಟರ ಪಕ್ಷಪಾತವೆಂದು ಯಾರಾದರೂ ನಕ್ಕರೆ ಆಕ್ಷೇಪವಿಲ್ಲ.

ಕಲ್ಯಾಣದ ಚಾಲುಕ್ಯ ಅರಸ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದನು. 'ಸಪಿಂಡ' ಎಂಬಲ್ಲಿ ಪಿಂಡವೆಂದರೆ ದೇಹ, ಒಂದೇ ದೇಹದ ಅಂಶವುಳ್ಳವರು ಸಪಿಂಡರು ಎಂಬುದು ಅವನ ಅರ್ಥ. ಬಂಗಾಳದಲ್ಲಿ ನಡೆದುಬಂದ 'ದಾಯಭಾಗ'ದ ಕರ್ತೃ ಜೀಮೂತವಾಹನನಾದರೋ ಅದನ್ನು ಶ್ರಾದ್ಧದ ಅನ್ನದ ಉಂಡೆಯೆಂದು ಹಿಡಿದನು. ಒಂದೆಡೆ ರಕ್ತಸಂಬಂಧ, ಇನ್ನೊಂದೆಡೆ ಪಿತೃಗಳಿಗೆ ಪಿಂಡದಿಂದಾಗುವ ಉಪಕಾರ ವಾರಸಿಕೆಗೆ ಆಧಾರವಾಯಿತು. ಒಂದು ಪದದ ಅರ್ಥಭೇದ ಶತಮಾನಗಳ ಕಾಲ ಮನೆ ಹೊಲಗಳ ಒಡೆತನವನ್ನು ನಿರ್ಧರಿಸುತ್ತ ಬಂದಿತು!

ಇದು ಹಳೆಯ ಕಾಲದ ಮಾತಷ್ಟೇ ಅಲ್ಲ. ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ಆದ ತಿದ್ದುಪಡಿ, ಮಿತಾಕ್ಷರ ಪದ್ಧತಿಯ ಅವಿಭಕ್ತ ಕುಟುಂಬದಲ್ಲಿ ಮಗಳೂ ಮಗನಂತೆ ಹುಟ್ಟಿನಿಂದಲೇ ಪಾಲಿನ ಹಕ್ಕುಳ್ಳವಳೆಂದಿತು. ತಿದ್ದುಪಡಿಗೆ ಮುನ್ನವೇ ತಂದೆ ತೀರಿಕೊಂಡಿದ್ದರೆ? ಕರ್ನಾಟಕದಿಂದ ಹೋದ ಪ್ರಕಾಶ್–ಫೂಲಾವತಿ ಮೊಕದ್ದಮೆಯಲ್ಲಿ, ಜಾರಿಯ ದಿನ ತಂದೆ ಬದುಕಿರಬೇಕೆಂದು ಸರ್ವೋಚ್ಚ ನ್ಯಾಯಾಲಯ 2015ರಲ್ಲಿ ಹೇಳಿತು. ಹಕ್ಕು ಬರುವುದು ಹುಟ್ಟಿನಿಂದಲಾದ್ದರಿಂದ ತಂದೆ ಬದುಕಿರಬೇಕಾಗಿಲ್ಲವೆಂದು 2020ರಲ್ಲಿ ವಿನೀತಾ ಶರ್ಮಾ ಮೊಕದ್ದಮೆಯಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಮಾನಿಸಿತು. ನಮ್ಮ ವ್ಯಾಕರಣದಲ್ಲಿ 'ಇಂದ' ಎಂಬುದು ಒಂದು ವಿಭಕ್ತಿ ಪ್ರತ್ಯಯ. ಎಷ್ಟೋ ಹೆಣ್ಣುಮಕ್ಕಳ ಪಾಲು ಅದರ ಮೇಲೆ ನಿಂತಿತ್ತು.

ಹಳಗನ್ನಡ ಪದ್ಯವೊಂದಕ್ಕೆ ಅನ್ವಯ ಮಾಡುವಾಗ ವಿದ್ಯಾರ್ಥಿ ಹುಡುಕುವುದೇನು? ಕರ್ತೃ ಯಾರು, ಕ್ರಿಯಾಪದ ಎಲ್ಲಿದೆ, ಈ ವಿಶೇಷಣ ಯಾವ ನಾಮಪದಕ್ಕೆ ಸೇರುತ್ತದೆ. ಕಾಯಿದೆಯ ಉದ್ದನೆಯ ವಾಕ್ಯವನ್ನು ಬಿಡಿಸುವ ವಿಧಾನವೂ ಇದೇ. ಗೈಡು ನೋಡಿ ಸಾರಾಂಶ ಬರೆದವನಿಗೆ ಈ ಅಭ್ಯಾಸ ದಕ್ಕುವುದಿಲ್ಲ.

ನ್ಯಾಯಾಲಯದ ಕಟಕಟೆಯಲ್ಲಿ ನಿಂತ ಹಳ್ಳಿಯ ಸಾಕ್ಷಿ 'ಹೊಡೆದನಂತೆ' ಎಂದನೆನ್ನಿ. ಆ 'ಅಂತೆ'ಯಲ್ಲಿ, ತಾನು ಕಂಡದ್ದಲ್ಲ, ಬೇರೆಯವರಿಂದ ಕೇಳಿದ್ದು ಎಂಬ ಅರ್ಥ ಅಡಗಿದೆ. ಕೇಳಿದ ಮಾತು ಸಾಮಾನ್ಯವಾಗಿ ಸಾಕ್ಷ್ಯವಾಗದು. ಹೇಳಿಕೆ ಇಂಗ್ಲಿಷಿಗೆ ಇಳಿಯುವಾಗ 'ಹೊಡೆದನು' ಎಂದಷ್ಟೇ ಉಳಿದರೆ, ಎದ್ದುನಿಂತು ತಡೆಯಬೇಕಾದವನು ಆ ಪ್ರತ್ಯಯವನ್ನು ಕಿವಿಗೊಟ್ಟು ಕೇಳಿದ ವಕೀಲನೇ.