ಇಳಿವಯಸ್ಸಿನ ಬಿಡುವು ನದಿಯ ಸೇವೆಗೆ ಮೀಸಲಾಗಲಿ



ಕುಟುಂಬ ಕಲ್ಯಾಣವೆಂದರೆ ಹೆರಿಗೆ, ಚುಚ್ಚುಮದ್ದು, ಮಕ್ಕಳ ನಡುವಣ ಅಂತರ ಇವಿಷ್ಟೇ ಎಂದು ಅನೇಕರು ಭಾವಿಸಿದ್ದಾರೆ. ಮನೆಯ ಹಿರಿಯರು ಆರೋಗ್ಯದಿಂದಲೂ ಗೌರವದಿಂದಲೂ ಬಾಳುವುದು, ಬಳಸುವ ನೀರು ಶುದ್ಧವಾಗಿರುವುದು, ಮನೆಯ ಸುತ್ತಮುತ್ತ ರೋಗಕ್ಕೆ ಎಡೆಯಿಲ್ಲದಿರುವುದು, ಇವು ಸಹ ಕುಟುಂಬ ಕಲ್ಯಾಣದ ಅಂಗಗಳೇ ಆಗಿವೆ. ಈ ಮೂರಕ್ಕೂ ಒಟ್ಟಿಗೆ ನೆರವಾಗಬಲ್ಲ ಒಂದು ಕೆಲಸವಿದೆ. ದುಡಿಮೆಯಿಂದ ಬಿಡುವು ಪಡೆದ ಹಿರಿಯರು ತಮ್ಮ ಊರಿನ ಹಳ್ಳ, ನಾಲೆ ಮತ್ತು ನದಿಗಳನ್ನು ಪ್ಲಾಸ್ಟಿಕ್ ಕಸದಿಂದ ಕಾಪಾಡುವುದೇ ಆ ಕೆಲಸ.

ರಾಜ್ಯ ಸರ್ಕಾರದ ನೌಕರರು 60ನೆಯ ವಯಸ್ಸಿಗೆ ನಿವೃತ್ತರಾಗುತ್ತಾರೆ. ರೈತನಿಗೆ ನಿವೃತ್ತಿಯ ಆದೇಶ ಬರುವುದಿಲ್ಲವಾದರೂ, ಮಗನು ಬೇಸಾಯದ ಹೊಣೆ ಹೊತ್ತ ಮೇಲೆ, ಸೊಸೆಯು ಅಡುಗೆಮನೆಯನ್ನು ನೋಡಿಕೊಳ್ಳತೊಡಗಿದ ಮೇಲೆ ತಂದೆತಾಯಿಗಳಿಗೂ ಬಿಡುವು ದೊರೆಯುತ್ತದೆ. ಆದರೆ ಬಿಡುವು ಬೇರೆ, ಬರಿದೇ ಕೂರುವುದು ಬೇರೆ. ಆರೋಗ್ಯ ಕೇಂದ್ರಕ್ಕೆ ಬರುವ ಹಿರಿಯರಲ್ಲಿ ಹಲವರು ಮಂಡಿನೋವು, ನಿದ್ರೆ ಬಾರದಿರುವುದು, ಹಸಿವಾಗದಿರುವುದು ಎಂದು ಹೇಳಿಕೊಳ್ಳುತ್ತಾರೆ. ಸಾವಧಾನವಾಗಿ ವಿಚಾರಿಸಿದಾಗ, "ನಮ್ಮಿಂದ ಇನ್ನು ಯಾರಿಗೆ ಏನಾಗಬೇಕಿದೆ ಡಾಕ್ಟರೇ?" ಎಂಬ ಮಾತು ಹೊರಬೀಳುತ್ತದೆ. ಈ ಕೊರಗಿಗೆ ಔಷಧಾಲಯದಲ್ಲಿ ಮಾತ್ರೆಯಿಲ್ಲ. ಊರಿಗೆ ಬೇಕಾದ ಕೆಲಸವೊಂದು ಕೈಯಲ್ಲಿರುವುದೇ ಇದಕ್ಕೆ ಮದ್ದು.

ಮನೆಯ ಚರಂಡಿಯಿಂದ ಕಾವೇರಿಯವರೆಗೆ

ತುಮಕೂರು ಜಿಲ್ಲೆಯ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ನದಿಯು ಮದ್ದೂರನ್ನು ಹಾಯ್ದು, ಮಳವಳ್ಳಿ ತಾಲ್ಲೂಕಿನಲ್ಲಿ ಕಾವೇರಿಯನ್ನು ಸೇರುತ್ತದೆ. ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯ ಮೂಲಕ ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಗದ್ದೆಗಳಿಗೆ ಹರಿಯುತ್ತದೆ. ಬೆಂಗಳೂರಿನ ಜನರು ಕುಡಿಯುವ ಕಾವೇರಿ ನೀರನ್ನು ಶುದ್ಧೀಕರಿಸುವುದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ. ನಮ್ಮ ಸೀಮೆಯಲ್ಲಿ ನೀರಿನ ಬಳ್ಳಿ ಹೀಗೆ ಊರಿಂದ ಊರಿಗೆ ಹಬ್ಬಿದೆ.

ಮನೆಯ ಮುಂದೆ ಎಸೆದ ಒಂದು ಪ್ಲಾಸ್ಟಿಕ್ ಕವರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಆಲೋಚಿಸಿ. ಮೊದಲ ಮಳೆಗೆ ಅದು ಚರಂಡಿಗೆ ಸೇರುತ್ತದೆ. ಚರಂಡಿಯಿಂದ ಹಳ್ಳಕ್ಕೆ, ಹಳ್ಳದಿಂದ ಕೆರೆಗೆ ಅಥವಾ ನಾಲೆಗೆ, ಅಲ್ಲಿಂದ ಶಿಂಷೆಗೆ, ಕೊನೆಗೆ ಕಾವೇರಿಗೆ ಹೋಗುತ್ತದೆ. ಬಾಳೆಯೆಲೆಯಾಗಿದ್ದರೆ ದಾರಿಯಲ್ಲಿಯೇ ಕೊಳೆತು ಗೊಬ್ಬರವಾಗುತ್ತಿತ್ತು. ಪ್ಲಾಸ್ಟಿಕ್ ಕೊಳೆಯುವುದಿಲ್ಲ. ಬಿಸಿಲಿಗೂ ನೀರಿಗೂ ಸಿಕ್ಕಿ ಸಣ್ಣ ಚೂರುಗಳಾಗಿ, ಕಣ್ಣಿಗೆ ಕಾಣದ ಕಣಗಳಾಗಿ ನೀರಿನಲ್ಲಿಯೂ ಮಣ್ಣಿನಲ್ಲಿಯೂ ಉಳಿಯುತ್ತದೆ. ಇಂತಹ ಕಣಗಳು ಮನುಷ್ಯರ ರಕ್ತದಲ್ಲಿಯೂ ಇರುವುದನ್ನು 2022ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ನಾವು ಎಸೆದದ್ದು ತಿರುಗಿ ನಮ್ಮ ಬಳಿಗೇ ಬರುತ್ತದೆ.

ಪ್ಲಾಸ್ಟಿಕ್ ಕಸದಿಂದ ಆರೋಗ್ಯಕ್ಕೆ ಆಗುವ ಹಾನಿ

ಮೊದಲನೆಯದು ಸೊಳ್ಳೆಯ ಕಾಟ. ಡೆಂಗಿ ಜ್ವರವನ್ನು ಹರಡುವ ಸೊಳ್ಳೆಯು ಹಗಲಿನಲ್ಲಿ ಕಚ್ಚುತ್ತದೆ. ಅದಕ್ಕೆ ಮೊಟ್ಟೆಯಿಡಲು ಕೆರೆಯೇ ಬೇಕಾಗಿಲ್ಲ. ಬಿಸಾಡಿದ ಚಹದ ಲೋಟದಲ್ಲಿ, ಎಳನೀರಿನ ಬುರುಡೆಯಲ್ಲಿ, ಹಳೆಯ ಟೈರಿನಲ್ಲಿ ನಿಂತ ಒಂದಿಷ್ಟು ಮಳೆನೀರೇ ಸಾಕು. ಮೊಟ್ಟೆಯು ಹುಳುವಾಗಿ, ಹುಳುವು ಸೊಳ್ಳೆಯಾಗಿ ಹಾರಿಹೋಗಲು ಸುಮಾರು 8ರಿಂದ 10 ದಿನಗಳು ಹಿಡಿಯುತ್ತವೆ. ನೀರು ಬತ್ತಿದರೂ ಮೊಟ್ಟೆಗಳು ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಆದುದರಿಂದ ವಾರಕ್ಕೊಮ್ಮೆ ಇಂತಹ ವಸ್ತುಗಳನ್ನು ಆರಿಸಿ ತೆಗೆದರೆ ಸೊಳ್ಳೆಯ ಸಂತತಿಯು ಬೆಳೆಯುವ ಮೊದಲೇ ಕಡಿದುಹೋಗುತ್ತದೆ.

ಎರಡನೆಯದು ಕಟ್ಟಿಕೊಂಡ ಚರಂಡಿ. ಕವರುಗಳು ಮೋರಿಯ ಬಾಯಿಗೆ ಅಡ್ಡಲಾದರೆ ಕೊಳಚೆ ನೀರು ಮೇಲುಕ್ಕಿ, ಒಡೆದ ನಲ್ಲಿಯ ಕೊಳವೆಗೂ ಬೋರಿನ ಬುಡಕ್ಕೂ ಇಳಿಯುತ್ತದೆ. ವಾಂತಿಭೇದಿ, ವಿಷಮಶೀತ ಜ್ವರ, ಕಾಮಾಲೆ ಮೊದಲಾದ ರೋಗಗಳು ಹರಡುವುದು ಇಂತಹ ನೀರಿನಿಂದಲೇ.

ಮೂರನೆಯದು ಹೊಗೆ. ಕಸವನ್ನು ಗುಡ್ಡೆ ಹಾಕಿ ಬೆಂಕಿಯಿಟ್ಟರೆ ಕೆಲಸ ಮುಗಿಯಿತೆಂದು ತಿಳಿಯುವುದು ತಪ್ಪು. ಪ್ಲಾಸ್ಟಿಕ್ ಸುಟ್ಟ ಹೊಗೆಯಲ್ಲಿ ಡಯಾಕ್ಸಿನ್ ಮೊದಲಾದ ವಿಷಪದಾರ್ಥಗಳಿರುತ್ತವೆ. ಉಬ್ಬಸವುಳ್ಳವರಿಗೂ, ಗರ್ಭಿಣಿಯರಿಗೂ, ಎಳೆಯ ಮಕ್ಕಳಿಗೂ ಅದು ಹೆಚ್ಚು ಹಾನಿಕರ. ಮನೆಯ ನೀರೊಲೆಗೆ ಕವರು ಹಾಕುವುದನ್ನೂ, ಆಲೆಮನೆಯ ಒಲೆಗೆ ಟೈರು ಮತ್ತು ಪ್ಲಾಸ್ಟಿಕ್ ಹಾಕುವುದನ್ನೂ ಬಿಡಲೇಬೇಕು. ಆಲೆಮನೆಗೆ ಕಬ್ಬಿನ ಸಿಪ್ಪೆಯೇ ತಕ್ಕ ಉರುವಲು.

ನಾಲ್ಕನೆಯದು ದನಕರುಗಳ ಸಂಕಟ. ಉಳಿದ ಅನ್ನವನ್ನೋ ತರಕಾರಿ ಸಿಪ್ಪೆಯನ್ನೋ ಕವರಿನಲ್ಲಿ ಕಟ್ಟಿ ಎಸೆದರೆ ಹಸುವು ಕವರಿನ ಸಮೇತ ನುಂಗುತ್ತದೆ. ಅದು ಜೀರ್ಣವಾಗದೆ ಹೊಟ್ಟೆಯಲ್ಲಿ ಮುದ್ದೆಯಾಗಿ ಸೇರಿಕೊಂಡು, ಹಸು ಮೇವು ಬಿಟ್ಟು ಸೊರಗುತ್ತದೆ. ಡೇರಿಗೆ ಹಾಲು ಹಾಕಿ ಬದುಕುವ ಕುಟುಂಬಕ್ಕೆ ಇದು ಎಂತಹ ನಷ್ಟವೆಂಬುದನ್ನು ಹೇಳಬೇಕಾಗಿಲ್ಲ.

ನಮ್ಮ ಜಿಲ್ಲೆಯ ನಿದರ್ಶನಗಳು

ವಯಸ್ಸಾದವರಿಂದ ಏನಾದೀತು ಎಂದು ಕೇಳುವವರಿಗೆ ಉತ್ತರ ಮಳವಳ್ಳಿ ತಾಲ್ಲೂಕಿನಲ್ಲಿಯೇ ಇದೆ. ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುತ್ತಿದ್ದವರು. ಕುಂದಿನಿಬೆಟ್ಟದಲ್ಲಿ ಮೃಗಪಕ್ಷಿಗಳಿಗೆ ಕುಡಿಯಲು ನೀರಿಲ್ಲದುದನ್ನು ಕಂಡು, ತಾವೇ ನೆಲ ಅಗೆದು ಕಟ್ಟೆ ಕಟ್ಟಲು ತೊಡಗಿದರು. ಹಾರೆ ಗುದ್ದಲಿಗಳಿಗಾಗಿ ಸಾಕಿದ ಕುರಿಗಳನ್ನು ಮಾರಿದರು. ಇಳಿವಯಸ್ಸಿನಲ್ಲಿಯೂ ಈ ಕಾಯಕವನ್ನು ಬಿಡಲಿಲ್ಲ. ಅವರು 16 ಕಟ್ಟೆಗಳನ್ನು ತೋಡಿದುದನ್ನು 2020ರ ಜೂನ್ 28ರಂದು ಪ್ರಧಾನಮಂತ್ರಿಗಳು ತಮ್ಮ ಬಾನುಲಿ ಭಾಷಣದಲ್ಲಿ ಸ್ಮರಿಸಿದರು. ಕಾಮೇಗೌಡರು 2022ರ ಅಕ್ಟೋಬರ್ ತಿಂಗಳಲ್ಲಿ ನಿಧನರಾದರು. ಅವರಲ್ಲಿ ಹಣವಿರಲಿಲ್ಲ, ಅಧಿಕಾರವಿರಲಿಲ್ಲ. ದಿನವೂ ಒಂದಿಷ್ಟು ಕೆಲಸ ಮಾಡುವ ಹಟವಿತ್ತು.

ಒಬ್ಬರ ಹಟದಿಂದ ಆದುದು ಅದು. ಊರೇ ಒಂದಾದರೆ ಏನಾಗುತ್ತದೆ ಎಂಬುದಕ್ಕೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ನೋಡಬಹುದು. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಮರಗಳಲ್ಲಿಯೇ ಗೂಡು ಕಟ್ಟುತ್ತವೆ. ಗ್ರಾಮಸ್ಥರು ಅವುಗಳನ್ನು ಮನೆಯ ಮಕ್ಕಳಂತೆ ಕಾಪಾಡಿಕೊಂಡು ಬಂದಿದ್ದಾರೆ. 2007ರಲ್ಲಿ ಆ ಪ್ರದೇಶವು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಆ ಪಕ್ಷಿಗಳ ಆಹಾರವೆಂದರೆ ಶಿಂಷೆಯ ಮತ್ತು ಸುತ್ತಲ ಕೆರೆಗಳ ಮೀನು. ಮೀನು ಉಳಿದರೆ ಹಕ್ಕಿ ಉಳಿಯುತ್ತದೆ. ನೀರು ಶುದ್ಧವಾಗಿದ್ದರೆ ಮಾತ್ರ ಮೀನು ಉಳಿಯುತ್ತದೆ.

ಕೆಲಸವನ್ನು ಆರಂಭಿಸುವ ಬಗೆ

"ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದಾಗಬಾರದು. ಮೊದಲು ಸ್ವಂತ ಮನೆಯ ಕಸವನ್ನು ಎರಡು ಭಾಗ ಮಾಡಿ. ಹಸಿ ಕಸವು ತಿಪ್ಪೆಗೆ ಹೋಗಲಿ. ಕವರು, ಬಾಟಲಿ ಮೊದಲಾದ ಒಣ ಕಸವನ್ನು ಒಂದು ಚೀಲದಲ್ಲಿ ಕೂಡಿಟ್ಟು ಗ್ರಾಮ ಪಂಚಾಯಿತಿಯ ಕಸದ ವಾಹನಕ್ಕೆ ಕೊಡಿ. ಒಣ ಕಸವನ್ನು ಬೇರ್ಪಡಿಸಲು ಪಂಚಾಯಿತಿಗಳು ಸ್ವಚ್ಛ ಸಂಕೀರ್ಣವೆಂಬ ಘಟಕಗಳನ್ನು ನಡೆಸುತ್ತಿವೆ.

ಆ ಬಳಿಕ ಐದಾರು ಮಂದಿ ಹಿರಿಯರು ಸೇರಿ, ಊರ ಚರಂಡಿಯ ಜೊತೆಯಲ್ಲಿಯೇ ಹಳ್ಳದವರೆಗೆ ಒಮ್ಮೆ ನಡೆದು ನೋಡಲಿ. ಕಸವು ನೀರಿಗೆ ಬೀಳುವ ಜಾಗಗಳು ಯಾವುವು, ಅದು ಯಾವ ಕಸ, ಎಲ್ಲಿಂದ ಬಂದದ್ದು ಎಂದು ಬರೆದುಕೊಳ್ಳಲಿ. ಇಡೀ ನದಿಯನ್ನು ಶುದ್ಧಿ ಮಾಡಹೊರಡುವುದು ಬೇಡ. ಒಂದು ಮೋರಿ, ಒಂದು ಸೋಪಾನಕಟ್ಟೆ ಅಥವಾ ನಾಲೆಯ ಒಂದು ಫರ್ಲಾಂಗು ದಡ, ಇಷ್ಟನ್ನು ಆರಿಸಿಕೊಂಡು ವಾರಕ್ಕೊಂದು ಬೆಳಿಗ್ಗೆ ತಪ್ಪದೆ ನೋಡಿಕೊಂಡರೆ ಸಾಕು. ಆರಿಸಿದ ಕಸವನ್ನು ಒಯ್ಯಲು ಪಂಚಾಯಿತಿಯ ವಾಹನ ಬರುವಂತೆ ಮುಂಚಿತವಾಗಿಯೇ ಏರ್ಪಾಟು ಮಾಡಿಕೊಳ್ಳಬೇಕು. ಪ್ರತಿ ಸಲದ ತೂಕವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು ಗ್ರಾಮಸಭೆಯಲ್ಲಿ ಓದಿ ಹೇಳಿದರೆ ಊರಿನವರ ಕಣ್ಣು ತೆರೆಯುತ್ತದೆ. ಆಶಾ ಕಾರ್ಯಕರ್ತೆಯ ಮೂಲಕ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಗಮನಕ್ಕೂ ವಿಷಯವನ್ನು ತರಬಹುದು.

ಆದರೆ ಹೆಕ್ಕುವುದಕ್ಕಿಂತ ತಡೆಯುವುದು ಮೇಲು. ರೋಗಕ್ಕೆ ಅನ್ವಯಿಸುವ ಈ ಮಾತು ಕಸಕ್ಕೂ ಅನ್ವಯಿಸುತ್ತದೆ. ಹಿರಿಯರ ಮಾತಿಗೆ ಊರಿನಲ್ಲಿ ಬೆಲೆಯಿದೆ. ಬೀಗರೂಟ, ತಿಥಿ, ಜಾತ್ರೆಗಳಲ್ಲಿ ಪ್ಲಾಸ್ಟಿಕ್ ಎಲೆ ಮತ್ತು ಲೋಟಗಳ ಬದಲು ಬಾಳೆಯೆಲೆ, ಮುತ್ತುಗದೆಲೆ ಮತ್ತು ಸ್ಟೀಲಿನ ಲೋಟಗಳನ್ನು ಬಳಸಬೇಕೆಂದು ಅವರು ಹೇಳಿದರೆ ಕಿರಿಯರು ಕೇಳುತ್ತಾರೆ. ಸಂಘದ ವತಿಯಿಂದ ಇನ್ನೂರು ಲೋಟಗಳನ್ನು ಕೊಂಡಿಟ್ಟು ಮನೆಮನೆಯ ಕಾರ್ಯಕ್ಕೆ ಕೊಟ್ಟರೆ ಖರ್ಚೂ ಉಳಿಯುತ್ತದೆ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಅಸ್ಥಿ ವಿಸರ್ಜನೆಗೆಂದು ಹೋಗುವವರೂ, ಮುತ್ತತ್ತಿಗೆ ದೇವರ ದರ್ಶನಕ್ಕೆ ಹೋಗುವವರೂ ಪೂಜೆಯ ಸಾಮಗ್ರಿ ತಂದ ಕವರನ್ನು ನೀರಿಗೆ ಬಿಡದೆ ಮನೆಗೆ ತರಲಿ. ಕವರನ್ನು ನೀರಿಗೆ ಬಿಡುವುದರಿಂದ ಯಾವ ಪುಣ್ಯವೂ ಬಾರದು.

ಕಾನೂನು ಸಹ ನಮ್ಮ ಬೆಂಬಲಕ್ಕಿದೆ. ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ ಮೊದಲಾದವುಗಳನ್ನು ಕರ್ನಾಟಕ ಸರ್ಕಾರವು 2016ರ ಮಾರ್ಚ್ ತಿಂಗಳಲ್ಲಿ ನಿಷೇಧಿಸಿತು. ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು 2022ರ ಜುಲೈ 1ರಿಂದ ಇಡೀ ದೇಶದಲ್ಲಿ ನಿಷೇಧಿಸಲಾಯಿತು. ಅಂಗಡಿಯವರೊಡನೆ ಜಗಳವಾಡಬೇಕಾಗಿಲ್ಲ. ಸಂತೆಗೆ ಹೋಗುವಾಗ ಬಟ್ಟೆಯ ಚೀಲವನ್ನು ಹಿಡಿದುಹೋದರೆ ಸಾಕು, ಕವರು ಕೇಳುವ ಪ್ರಸಂಗವೇ ಬಾರದು.

ಹಿರಿಯರು ವಹಿಸಬೇಕಾದ ಎಚ್ಚರಿಕೆಗಳು

ಹಿರಿಯರೂ ವಾರಕ್ಕೆ ಕನಿಷ್ಠ 150 ನಿಮಿಷ ಮೈಗೆ ಶ್ರಮ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಲಹೆ ಮಾಡಿದೆ. ವಾರಕ್ಕೆ ಐದು ದಿನ ಅರ್ಧ ಗಂಟೆಯ ನಡಿಗೆಯೆಂದರೆ ಅಷ್ಟೇ. ನದಿಯ ಸೇವೆಯಲ್ಲಿ ಇದರ ಬಹುಪಾಲು ತಾನಾಗಿ ನೆರವೇರುತ್ತದೆ. ಆದರೂ ಈ ಕೆಳಗಿನವುಗಳನ್ನು ಮರೆಯಬಾರದು.

ರಕ್ತದೊತ್ತಡ, ಸಿಹಿಮೂತ್ರ ಅಥವಾ ಹೃದ್ರೋಗವಿರುವವರು ಮೊದಲು ವೈದ್ಯರನ್ನು ಕಾಣಬೇಕು. ನಿತ್ಯದ ಮಾತ್ರೆಯನ್ನು ತಪ್ಪಿಸಬಾರದು, ಬರಿ ಹೊಟ್ಟೆಯಲ್ಲಿ ಹೊರಡಬಾರದು. ಸಿಹಿಮೂತ್ರ ರೋಗಿಗಳು ಬರಿಗಾಲಿನಲ್ಲಿ ಹೋಗಕೂಡದು. ಕಾಲಿಗೆ ಚುಚ್ಚಿದ ಗಾಜು ಅವರ ಅರಿವಿಗೆ ಬಾರದೆ ಹುಣ್ಣಾಗುವುದುಂಟು. ಅವರು ಜೇಬಿನಲ್ಲಿ ಒಂದಿಷ್ಟು ಬೆಲ್ಲವನ್ನು ಇಟ್ಟುಕೊಂಡಿರಲಿ; ಕೈಕಾಲು ನಡುಗಿ ಬೆವರಿದರೆ ಕೂಡಲೇ ತಿನ್ನಬೇಕು. ಎದೆನೋವು, ಏದುಸಿರು ಅಥವಾ ತಲೆಸುತ್ತು ಬಂದರೆ ಕೆಲಸ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ನೀರಿಗೆ ಇಳಿಯಲೇಬಾರದು. ದಡದಲ್ಲಿ ಸಿಕ್ಕಷ್ಟೇ ಸಾಕು. ಕಾವೇರಿಯಲ್ಲಿಯೂ ನಾಲೆಯಲ್ಲಿಯೂ ನೀರಿನ ಸೆಳೆತ ಮೇಲ್ನೋಟಕ್ಕೆ ತಿಳಿಯದು. ಜಲಾಶಯದಿಂದ ನೀರು ಬಿಟ್ಟಾಗ ಹರಿವು ದಿಢೀರನೆ ಏರುತ್ತದೆ. ಕಸದ ಗುಡ್ಡೆಗೆ ಕೈ ಹಾಕದೆ ಉದ್ದನೆಯ ಕೋಲಿನಿಂದ ಕೆದಕಬೇಕು. ಹಾವು ಚೇಳು ಇರಬಹುದು. ಕೈಗೆ ದಪ್ಪ ಗವಸು ಇರಲಿ. ಸೂಜಿ, ಸಿರಿಂಜು ಕಂಡರೆ ಮುಟ್ಟದೆ ಆರೋಗ್ಯ ಸಿಬ್ಬಂದಿಗೆ ತಿಳಿಸಬೇಕು. ಕೀಟನಾಶಕದ ಬಾಟಲಿಗಳನ್ನು ಸಹ ಬರಿಗೈಯಲ್ಲಿ ಮುಟ್ಟಬಾರದು. ಕೆಲಸ ಮುಗಿದ ಮೇಲೆ ಸೋಪಿನಿಂದ ಕೈಕಾಲು ತೊಳೆಯದೆ ಏನನ್ನೂ ತಿನ್ನಬಾರದು.

ಕಿರಿಯ ದಂಪತಿಗಳ ಕರ್ತವ್ಯ

ತಂದೆತಾಯಿಗಳು ಈ ಕೆಲಸಕ್ಕೆ ಹೊರಟಾಗ, "ವಯಸ್ಸಾಯಿತು, ಸುಮ್ಮನೆ ಮನೆಯಲ್ಲಿರಿ" ಎಂದು ತಡೆಯಬೇಡಿ. ಊರ ಕಸ ಆರಿಸುವುದು ಮನೆತನಕ್ಕೆ ಅವಮಾನವೆಂದೂ ತಿಳಿಯಬೇಡಿ. ಕಸವನ್ನು ಎಸೆಯುವುದು ಅವಮಾನ, ಆರಿಸುವುದಲ್ಲ. ಆದರೆ ಅವರು ಆರಿಸಲೆಂದು ನೀವು ಎಸೆಯಬೇಡಿ. ಮಗುವಿನ ಡಯಾಪರ್ ಮತ್ತು ಮುಟ್ಟಿನ ಪ್ಯಾಡುಗಳನ್ನು ನಾಲೆಗೆ ಹಾಕದೆ, ಕಾಗದದಲ್ಲಿ ಸುತ್ತಿ ಗುರುತು ಮಾಡಿ ಬೇರೆಯಾಗಿ ಕೊಡಿ. ಮನೆಯಲ್ಲಿರುವಾಗ ಮಗುವಿಗೆ ಒಗೆದು ಬಳಸುವ ಹತ್ತಿಬಟ್ಟೆಯೇ ಹಿತಕರ. ಗದ್ದೆಗೆ ಔಷಧಿ ಹೊಡೆದ ಮೇಲೆ ಬಾಟಲಿಯನ್ನು ನಾಲೆಯಲ್ಲಿ ತೊಳೆಯಬೇಡಿ. ಮೂರು ಬಾರಿ ನೀರು ಹಾಕಿ ಕುಲುಕಿ, ಆ ನೀರನ್ನು ಸಿಂಪಡಿಸುವ ಯಂತ್ರಕ್ಕೇ ಸುರಿಯಿರಿ. ಖಾಲಿ ಬಾಟಲಿಯನ್ನು ಮತ್ತಾವ ಕೆಲಸಕ್ಕೂ ಬಳಸದಂತೆ ತೂತು ಮಾಡಿ.

ದಂಪತಿಗಳೇ, ಮಕ್ಕಳು ಬೆಳೆದು ತಮ್ಮ ಕಾಲ ಮೇಲೆ ನಿಂತ ಬಳಿಕ ಗಂಡಹೆಂಡಿರಿಬ್ಬರಿಗೂ ಒಟ್ಟಿಗೆ ಕಳೆಯಲು ಹಲವು ವರ್ಷಗಳು ಉಳಿದಿರುತ್ತವೆ. ನಿಮಗೂ ಆ ಕಾಲ ಬರುತ್ತದೆ. ಜಗುಲಿಯ ಮೇಲೆ ಒಬ್ಬರೇ ಕುಳಿತು ದಿನ ಎಣಿಸುವುದಕ್ಕಿಂತ, ಬೆಳಗಿನ ತಂಪಿನಲ್ಲಿ ಇಬ್ಬರೂ ಒಂದು ಚೀಲ ಹಿಡಿದು ನಾಲೆಯ ದಡದವರೆಗೆ ಹೋಗಿಬರುವುದು ದೇಹಕ್ಕೂ ಮನಸ್ಸಿಗೂ ಒಳ್ಳೆಯದು. ಮೊಮ್ಮಕ್ಕಳು ಅದನ್ನು ನೋಡಿ ಕಲಿಯುತ್ತಾರೆ. ಜಮೀನು, ಮನೆ, ಒಡವೆಗಳಂತೆ ಹರಿಯುವ ಶುದ್ಧ ನೀರೂ ನಾವು ಅವರಿಗೆ ಬಿಟ್ಟುಹೋಗಬೇಕಾದ ಆಸ್ತಿಯೇ. ಮುಂದಿನ ಭಾನುವಾರ ನಿಮ್ಮ ಊರಿನ ಒಂದು ಮೋರಿಯಿಂದಲೇ ಆರಂಭವಾಗಲಿ.