ಒಂದನೆಯ ತರಗತಿಗೆ ಮುನ್ನ

ಬಡವನ ಮಗುವೂ ಧನಿಕನ ಮಗುವೂ ಒಂದೇ ದಿನ ಒಂದನೆಯ ತರಗತಿಯನ್ನು ಪ್ರವೇಶಿಸಿದರೂ, ಒಂದು ಮಗು ಕಥೆ, ಹಾಡು, ಎಣಿಕೆಗಳ ಪರಿಚಯದೊಡನೆಯೂ ಮತ್ತೊಂದು ಅದಾವುದೂ ಇಲ್ಲದೆಯೂ ಬರುವುದಾದರೆ, ಅವೆರಡರ ನಡುವಣ ಅಂತರವು ಪಾಠಾರಂಭಕ್ಕೆ ಮೊದಲೇ ಏರ್ಪಟ್ಟಿರುತ್ತದೆ. ಶಾಲಾಪೂರ್ವ ಶಿಕ್ಷಣವು ಉಚಿತವೂ ಸಾರ್ವತ್ರಿಕವೂ ಆಗಬೇಕೆಂಬ ವಾದದ ಮೂಲ ಇದೇ.

ಈ ದಿಕ್ಕಿನ ಪ್ರಯತ್ನಗಳು ಹೊಸವೇನಲ್ಲ. 1920ರಲ್ಲಿಯೇ ಶಿಕ್ಷಣತಜ್ಞ ಗಿಜುಭಾಯಿ ಬಧೇಕಾ ಅವರು ಭಾವನಗರದಲ್ಲಿ ಬಾಲಮಂದಿರವೆಂಬ ಶಿಶುಶಾಲೆಯನ್ನು ತೆರೆದರು. ಅವರ ಸಹೋದ್ಯೋಗಿ ತಾರಾಬಾಯಿ ಮೋಡಕ್ ಅವರು ಆ ಬಗೆಯ ಶಿಶುಶಿಕ್ಷಣವನ್ನು ಗ್ರಾಮೀಣ ಹಾಗೂ ಆದಿವಾಸಿ ಮಕ್ಕಳ ಅಂಗಳಕ್ಕೇ ಕೊಂಡೊಯ್ದರು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದ 33 ಕಡೆಗಳಲ್ಲಿ ಆರಂಭವಾದಾಗ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಅವುಗಳಲ್ಲೊಂದಾಗಿದ್ದಿತು. ಪೌಷ್ಟಿಕ ಆಹಾರ, ಆರೋಗ್ಯ ತಪಾಸಣೆ, ಆಟಪಾಠಗಳನ್ನು ಒಂದೇ ಸೂರಿನಡಿ ತಂದ ಅಂಗನವಾಡಿಯು ಈ ಯೋಜನೆಯ ಫಲ.

ಆದರೆ ಶಾಸನದ ಧ್ವನಿಯು ಇನ್ನೂ ಸಂಕೋಚದ್ದೇ ಆಗಿದೆ. 2002ರ ಸಂವಿಧಾನ ತಿದ್ದುಪಡಿಯು 6ರಿಂದ 14 ವರ್ಷದವರ ಶಿಕ್ಷಣವನ್ನು ಮೂಲಭೂತ ಹಕ್ಕನ್ನಾಗಿಸಿತಾದರೂ, ಆರರೊಳಗಿನವರ ಆರೈಕೆ ಮತ್ತು ಶಿಕ್ಷಣವನ್ನು 45ನೆಯ ಅನುಚ್ಛೇದದ ನಿರ್ದೇಶಕ ತತ್ತ್ವದಲ್ಲಿಯೇ ಇರಿಸಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ 11ನೆಯ ಕಲಮೂ, ಮೂರು ವರ್ಷ ತುಂಬಿದ ಮಕ್ಕಳಿಗೆ ಸರ್ಕಾರವು ಉಚಿತ ವ್ಯವಸ್ಥೆಯನ್ನು ಮಾಡಬಹುದೆನ್ನುತ್ತದೆಯೇ ಹೊರತು ಮಾಡಲೇಬೇಕೆನ್ನುವುದಿಲ್ಲ.

ಉಚಿತವೆಂದ ಮಾತ್ರಕ್ಕೆ ಕಾರ್ಯವು ಸಿದ್ಧಿಸದು. ಮಗುವನ್ನು ಕೈಹಿಡಿದು ನಡೆಸಿಕೊಂಡು ಹೋಗುವಷ್ಟು ಸಮೀಪದಲ್ಲಿ ಕೇಂದ್ರವಿರಬೇಕು. ಬೋಧನೆಯು ಮನೆಮಾತಿನಲ್ಲಿ ನಡೆಯಬೇಕು. ದಾಖಲೆ, ಸಮೀಕ್ಷೆ, ಅಡುಗೆಗಳ ಮೇಲ್ವಿಚಾರಣೆಯಲ್ಲಿ ಬಳಲುವ ಕಾರ್ಯಕರ್ತೆಗೆ ತರಬೇತಿಯೂ ನ್ಯಾಯವಾದ ವೇತನವೂ ದೊರೆಯಬೇಕು. ಎಳೆಯ ಬೆರಳುಗಳಿಂದ ಅಕ್ಷರಗಳನ್ನು ಬಲವಂತವಾಗಿ ತಿದ್ದಿಸುವುದಲ್ಲ, ಆಟದ ಮೂಲಕ ಕುತೂಹಲವನ್ನು ಪೋಷಿಸುವುದೇ ಈ ವಯಸ್ಸಿನ ವಿದ್ಯಾಭ್ಯಾಸವೆಂಬುದನ್ನು ತಂದೆತಾಯಿಗಳೂ ಸರ್ಕಾರವೂ ಸಮಾನವಾಗಿ ಮನಗಾಣಬೇಕಾಗಿದೆ.