ಪೆಟ್ಟಿಗೆ ತುಂಬಲು ಇಪ್ಪತ್ತು ವರ್ಷ

ಅರೇಯ, ಅಂದರೆ ಮೌಲ್ಯಗಳನ್ನು ಸಾಲಾಗಿ ಇಡುವ ಪೆಟ್ಟಿಗೆಯ, ಎಲ್ಲ ಮನೆಗಳಿಗೂ ಸೊನ್ನೆ ಹಾಕಬೇಕು. ರಾಜಾಜಿನಗರ, ವಿಜಯನಗರದ ಕಂಪ್ಯೂಟರ್ ಕ್ಲಾಸುಗಳಲ್ಲಿ ಇಂದು ಜಾವಾಸ್ಕ್ರಿಪ್ಟ್ ಕಲಿಯುವವರು ‘ಫಿಲ್’ ಎಂದು ಬರೆದು ಮುಂದಕ್ಕೆ ಹೋಗುತ್ತಾರೆ. ಅವರ ಅಣ್ಣಂದಿರು, ಅಕ್ಕಂದಿರು ಕಲಿಯುವಾಗ ಭಾಷೆಯಲ್ಲಿ ಆ ಸೌಲಭ್ಯವೇ ಇರಲಿಲ್ಲ.

1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಹತ್ತು ದಿನಗಳಲ್ಲಿ ಜಾವಾಸ್ಕ್ರಿಪ್ಟ್‌ನ ಮೊದಲ ಮಾದರಿ ಸಿದ್ಧಪಡಿಸಿದರು. ಅವಸರದ ಅಡುಗೆ, ಎಷ್ಟೋ ಸಾಮಾನು ಆಮೇಲೆ ಸೇರಿದವು. ಅತ್ತ ಜಾವಾ ಭಾಷೆ 1998ರಲ್ಲೇ ತನ್ನ 1.2 ಆವೃತ್ತಿಯಲ್ಲಿ ಅರೇ ತುಂಬುವ ವಿಧಾನ ಕೊಟ್ಟಿತ್ತು. ಪಿಎಚ್‌ಪಿಗೆ 2002ರಲ್ಲಿ ಬಂತು. ಜಾವಾದ ಹೆಸರನ್ನೇ ಎರವಲು ಪಡೆದಿದ್ದ ಜಾವಾಸ್ಕ್ರಿಪ್ಟ್ ಮಾತ್ರ 2015ರ ತನಕ ಕಾಯಿತು.

ಅಲ್ಲಿಯವರೆಗೆ ಒಂದೊಂದೇ ಮನೆ ತುಂಬುವ ಫಾರ್ ಲೂಪೇ ಗತಿ. ಅದರಲ್ಲೇನೂ ದೋಷವಿಲ್ಲ, ಮೂರು ಸಾಲು ಬರೆದರಾಯಿತು. ಪಜೀತಿ ಶುರುವಾಗುತ್ತಿದ್ದುದು ಅಡ್ಡದಾರಿ ಹುಡುಕಿದವರಿಗೆ. ಐವತ್ತು ಮನೆಗಳ ಹೊಸ ಅರೇ ಮಾಡಿ, ಪ್ರತಿ ಮನೆಯ ಮೇಲೂ ಒಂದು ಫಂಕ್ಷನ್ ಓಡಿಸುವ ‘ಮ್ಯಾಪ್’ ಬಳಸಿ ಎಲ್ಲಕ್ಕೂ ಸೊನ್ನೆ ಹಾಕಲು ಹೋದರೆ ಏನೂ ಆಗುತ್ತಿರಲಿಲ್ಲ. ಉದ್ದ ಕೇಳಿದರೆ ಅರೇ ಐವತ್ತು ಅನ್ನುತ್ತದೆ, ಒಳಗೆ ಒಂದು ಮನೆಯೂ ಇಲ್ಲ. ಕೆಂಗೇರಿ ಆಚೆಯ ಹೊಸ ಬಡಾವಣೆಯ ನಕ್ಷೆಯಲ್ಲಿ ಸೈಟ್ ನಂಬರ್ ಇದ್ದು, ಹೋಗಿ ನೋಡಿದರೆ ಬರೀ ಪೊದೆ ಇರುವಂತೆ. ಮ್ಯಾಪ್ ಇಂಥ ತೂತುಗಳನ್ನು ಮುಟ್ಟದೆ ದಾಟಿಹೋಗುತ್ತದೆ. ಅದಕ್ಕೇ ಜಾಣರು ‘ಅಪ್ಲೈ’ ಬಳಸಿ ತೂತುಗಳನ್ನೆಲ್ಲ ‘ಅನ್‌ಡಿಫೈನ್ಡ್’ ಮಾಡಿಕೊಂಡು, ಆಮೇಲೆ ಮ್ಯಾಪ್ ಓಡಿಸುತ್ತಿದ್ದರು. ಆರು ತಿಂಗಳ ನಂತರ ಬರೆದವರಿಗೇ ಅರ್ಥವಾಗದಂಥ ಕೋಡ್!

2015ರ ಜೂನ್‌ನಲ್ಲಿ ಹೊರಬಂದ, ಜಾವಾಸ್ಕ್ರಿಪ್ಟ್‌ನ ಇಎಸ್6 ಮಾನದಂಡ ಫಿಲ್ ಅನ್ನು ಅಧಿಕೃತಗೊಳಿಸಿತು. ತೂತುಗಳಿದ್ದರೂ ಫಿಲ್ ಲೆಕ್ಕಿಸುವುದಿಲ್ಲ. ಎಲ್ಲಿಂದ ಎಲ್ಲಿವರೆಗೆ ತುಂಬಬೇಕೆಂದೂ ಹೇಳಬಹುದು. ಫೈರ್‌ಫಾಕ್ಸ್ 2014ರಲ್ಲೇ, 31ನೇ ಆವೃತ್ತಿಯಲ್ಲಿ ಅದನ್ನು ಅಳವಡಿಸಿತ್ತು. ಕ್ರೋಮ್ 45ನೇ ಆವೃತ್ತಿಯಲ್ಲಿ ಸೇರಿಸಿಕೊಂಡಿತು. ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ಗೆ ಕೊನೆಗೂ ಅದು ಬರಲೇ ಇಲ್ಲ.

ಹೊಸ ಹೆಸರು ಸೇರಿಸುವುದು ಹೊರಗಿನಿಂದ ಕಂಡಷ್ಟು ಸಲೀಸಲ್ಲ. ಅದೇ ಇಎಸ್6ಗಾಗಿ ಅರೇಗೆ ‘ವ್ಯಾಲ್ಯೂಸ್’ ಎಂಬ ವಿಧಾನ ಸೇರಿಸಿ ನೋಡಿದಾಗ ಎಕ್ಸ್ಟ್ ಜೆಎಸ್ ಲೈಬ್ರರಿ ಬಳಸಿದ್ದ ಜಾಲತಾಣಗಳು ಕೆಟ್ಟವು. ‘ವಿತ್’ ಎಂಬ ಹಳೇ ಕಟ್ಟಿನೊಳಗೆ ಅರೇ ಬಂದರೆ ಅದರ ವಿಧಾನಗಳ ಹೆಸರುಗಳು ಹೊರಗಿನ ವೇರಿಯಬಲ್‌ಗಳ ಹೆಸರನ್ನು ಮರೆಮಾಡುತ್ತವೆ. ಆ ಲೈಬ್ರರಿಯಲ್ಲಿ ಅದೇ ಹೆಸರಿನ ವೇರಿಯಬಲ್ ಇತ್ತು. ಭಾಷೆಯ ಮಾನದಂಡ ರೂಪಿಸುವ ಸಮಿತಿ ಕೊನೆಗೆ, ವಿತ್‌ನೊಳಗೆ ಕಾಣಿಸಿಕೊಳ್ಳಬಾರದ ಹೆಸರುಗಳದ್ದೇ ಒಂದು ಪಟ್ಟಿ ಮಾಡಿತು. ಫಿಲ್ ಕೂಡ ಆ ಪಟ್ಟಿಯಲ್ಲಿದೆ. ಯಾರೋ ಎಂದೋ ಬರೆದ ಪುಟ ಮುರಿಯಬಾರದೆಂಬ ಈ ಕಾಳಜಿ ವೆಬ್‌ನ ದೊಡ್ಡ ಗುಣ, ಅದರ ನಿಧಾನಕ್ಕೂ ಅದೇ ಕಾರಣ.

ಫಿಲ್‌ಗೂ ಒಂದು ಗುಂಡಿ ಇದೆ. ರಾಜಾಜಿನಗರದ ನವರಂಗ್‌ನಂಥ ಚಿತ್ರಮಂದಿರಕ್ಕೆ ಟಿಕೆಟ್ ಪುಟ ಬರೆಯುತ್ತಿದ್ದೀರಿ ಅಂದುಕೊಳ್ಳಿ. ಸೀಟುಗಳ ಒಂದು ಸಾಲನ್ನು ಅರೇ ಮಾಡಿ, ಅದನ್ನೇ ಫಿಲ್‌ಗೆ ಕೊಟ್ಟು ಇಪ್ಪತ್ತು ಸಾಲು ಮಾಡಿದಿರಿ. ಮೊದಲ ಸಾಲಿನ ಐದನೇ ಸೀಟು ಬುಕ್ ಆದೊಡನೆ ಇಪ್ಪತ್ತೂ ಸಾಲುಗಳ ಐದನೇ ಸೀಟು ಹೋಯಿತು! ಫಿಲ್ ನಕಲು ಮಾಡುವುದಿಲ್ಲ, ಒಂದೇ ಸಾಲಿನ ವಿಳಾಸವನ್ನು ಎಲ್ಲ ಮನೆಗೂ ಹಂಚುತ್ತದೆ. ಸೊನ್ನೆಯನ್ನೋ ಅಕ್ಷರವನ್ನೋ ತುಂಬುವಾಗ ಇದರಿಂದ ತೊಂದರೆಯಿಲ್ಲ. ಸಾಲುಗಳಿಗಾದರೆ ಇಎಸ್6 ಜೊತೆಗೇ ಬಂದ ‘ಅರೇ.ಫ್ರಮ್’ ಬೇಕು, ಅದಕ್ಕೆ ಒಂದು ಫಂಕ್ಷನ್ ಕೊಟ್ಟರೆ ಪ್ರತಿ ಮನೆಗೂ ಅದನ್ನು ಹೊಸದಾಗಿ ಕರೆದು, ಬೇರೆಬೇರೆ ಸಾಲು ಕಟ್ಟಿಕೊಡುತ್ತದೆ.